ವಿನ್‌ಕ್ರಿಸ್ಟಿನ್: ಒಂದೇ ದಾರಿಯ ಔಷಧ

ವಿನ್‌ಕ್ರಿಸ್ಟಿನ್ ರಕ್ತನಾಳದ ಮೂಲಕ ಮಾತ್ರ ಕೊಡಬೇಕಾದ ಕ್ಯಾನ್ಸರ್ ಔಷಧ. ಮಕ್ಕಳಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ರಕ್ತ ಕ್ಯಾನ್ಸರಾದ ಅಕ್ಯೂಟ್ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ, ಹಾಜ್ಕಿನ್ ಮತ್ತಿತರ ಲಿಂಫೋಮಾಗಳು, ಎಳೆಯ ಮಕ್ಕಳ ಮೂತ್ರಪಿಂಡದಲ್ಲಿ ಹುಟ್ಟುವ ವಿಲ್ಮ್ಸ್ ಗೆಡ್ಡೆ, ಸ್ನಾಯುಗಳಲ್ಲಿ ಬೆಳೆಯುವ ಕೆಲವು ಗೆಡ್ಡೆಗಳು – ಇವುಗಳ ಚಿಕಿತ್ಸೆಯಲ್ಲಿ ಅದಕ್ಕೆ ಅರವತ್ತು ವರ್ಷಗಳಿಂದ ಜಾಗವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲೂ ಭಾರತದ ರಾಷ್ಟ್ರೀಯ ಪಟ್ಟಿಯಲ್ಲೂ ಅದರ ಹೆಸರಿದೆ. ನೋಡಲು ಬಣ್ಣವಿಲ್ಲದ ತಿಳಿ ದ್ರವ. ಒಂದು ಮಿಲಿಲೀಟರಿನಲ್ಲಿ ಒಂದು ಮಿಲಿಗ್ರಾಂ ಔಷಧವಿರುತ್ತದೆ. ದೊಡ್ಡವರಿಗೂ ಒಂದು ಸಲಕ್ಕೆ ಸಾಮಾನ್ಯವಾಗಿ ಎರಡು ಮಿಲಿಗ್ರಾಂ ಮೀರುವುದಿಲ್ಲ. ಪ್ರಮಾಣ ಇಷ್ಟು ಚಿಕ್ಕದಾಗಿರುವುದೇ ಒಂದು ತೊಡಕು. ಎರಡು ಮಿಲಿಲೀಟರು ಪುಟ್ಟ ಸಿರಿಂಜಿನಲ್ಲಿ ಹಿಡಿಸುತ್ತದೆ, ಪುಟ್ಟ ಸಿರಿಂಜು ಹೋಗಬಾರದ ಕಡೆಗೂ ಸುಲಭವಾಗಿ ಹೋಗಿಬಿಡುತ್ತದೆ.

ಈ ಔಷಧ ಬಂದದ್ದು ಕನ್ನಡನಾಡಿನ ಅಂಗಳಗಳಲ್ಲಿ ವರ್ಷವಿಡೀ ಅರಳುವ ನಿತ್ಯಪುಷ್ಪದಿಂದ. ಕೆಲವೆಡೆ ಅದನ್ನು ಕಾಶಿ ಕಣಗಿಲೆ ಎನ್ನುತ್ತಾರೆ. ಗಿಡದ ಮೂಲ ನೆಲೆ ಮಡಗಾಸ್ಕರ್ ದ್ವೀಪ. ಜಮೈಕಾದಲ್ಲಿ ಇದರ ಎಲೆಯ ಕಷಾಯವನ್ನು ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. 1952ರಲ್ಲಿ ಅಲ್ಲಿಂದ ಒಂದಿಷ್ಟು ಎಲೆ ಕೆನಡಾದ ವೈದ್ಯ ಕ್ಲಾರ್ಕ್ ನೋಬಲ್ ಅವರಿಗೆ ಬಂತು. ಅವರು ಅದನ್ನು ಸಂಶೋಧಕರಾಗಿದ್ದ ತಮ್ಮ ಸಹೋದರ ರಾಬರ್ಟ್ ನೋಬಲ್ ಅವರಿಗೆ ಕಳಿಸಿದರು. ಇಲಿಗಳ ಮೇಲೆ ಪ್ರಯೋಗಿಸಿದಾಗ ರಕ್ತದ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣಗಳು ಇಳಿದವು. ಬಿಳಿ ಕಣಗಳನ್ನು ಇಳಿಸುವ ವಸ್ತು, ಅವೇ ಮಿತಿಮೀರಿ ಬೆಳೆಯುವ ಲ್ಯುಕೇಮಿಯಾದಲ್ಲಿ ಕೆಲಸಕ್ಕೆ ಬಂದೀತೆಂಬ ಯೋಚನೆ ಅಲ್ಲಿಂದ ಹೊರಟಿತು. ರಾಬರ್ಟ್ ನೋಬಲ್ ಮತ್ತು ಚಾರ್ಲ್ಸ್ ಬಿಯರ್ ವಿನ್‌ಬ್ಲಾಸ್ಟಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಅಮೆರಿಕದ ಎಲಿ ಲಿಲ್ಲಿ ಕಂಪನಿಯಲ್ಲಿ ಗಾರ್ಡನ್ ಸ್ವೊಬೊಡಾ ಅವರ ತಂಡ ಅದೇ ಗಿಡದಿಂದ ವಿನ್‌ಕ್ರಿಸ್ಟಿನನ್ನು ಹೊರತೆಗೆಯಿತು. 1963ರಲ್ಲಿ ‘ಆಂಕೊವಿನ್’ ಎಂಬ ಹೆಸರಿನಲ್ಲಿ ಅದಕ್ಕೆ ಅಮೆರಿಕದಲ್ಲಿ ಮಾರಾಟದ ಅನುಮತಿ ಸಿಕ್ಕಿತು.

ಎಲೆಯಲ್ಲಿ ವಿನ್‌ಕ್ರಿಸ್ಟಿನ್ ಇರುವುದು ಲೆಕ್ಕಕ್ಕೆ ಸಿಗದಷ್ಟು ಕಡಿಮೆ. ಒಂದು ಗ್ರಾಂ ತೆಗೆಯಲು ನೂರಾರು ಕಿಲೋ ಒಣ ಎಲೆ ಬೇಕು. ಹಾಗಾಗಿ ಗಿಡದಲ್ಲಿ ಹೆಚ್ಚು ಸಿಗುವ ಸೋದರ ಸಾರಗಳನ್ನು ರಾಸಾಯನಿಕವಾಗಿ ಮಾರ್ಪಡಿಸಿಯೂ ಅದನ್ನು ತಯಾರಿಸುತ್ತಾರೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ನಿತ್ಯಪುಷ್ಪದ ಎಲೆ ಅಗಿಯುವ ರೂಢಿ ನಮ್ಮಲ್ಲೂ ಇದೆ. ಸಕ್ಕರೆ ಕಾಯಿಲೆಗೆಂದು ಶುರುವಾದದ್ದು, ಕ್ಯಾನ್ಸರ್ ಔಷಧದ ಸುದ್ದಿ ಹರಡಿದ ಮೇಲೆ ಕ್ಯಾನ್ಸರಿಗೂ ಎಂದಾಯಿತು. ಎಲೆ ಅಗಿದರೆ ಕ್ಯಾನ್ಸರನ್ನು ಹಿಮ್ಮೆಟ್ಟಿಸುವಷ್ಟು ಔಷಧ ರಕ್ತಕ್ಕೆ ಸೇರುವುದಿಲ್ಲ. ಆದರೆ ಗಿಡದಲ್ಲಿರುವ ಹತ್ತಾರು ಬೇರೆ ಸಸ್ಯಕ್ಷಾರಗಳು (ಆಲ್ಕಲಾಯ್ಡ್), ಅವುಗಳಲ್ಲಿ ವಿಷಕಾರಿಯಾದವೂ, ಅಳತೆಯಿಲ್ಲದೆ ಸೇರುತ್ತವೆ. ಕಿಮೋಥೆರಪಿ ನಡೆಯುತ್ತಿರುವಾಗ ಇದನ್ನು ಪಕ್ಕದಲ್ಲಿ ನಡೆಸುವುದು ಎರಡು ಪಟ್ಟು ತಪ್ಪು.

ಜೀವಕೋಶ ಎರಡಾಗುವ ಮೊದಲು ತನ್ನ ವರ್ಣತಂತುಗಳನ್ನು ಎರಡು ದಿಕ್ಕಿಗೆ ಎಳೆದುಕೊಳ್ಳಬೇಕು. ಎಳೆಯುವ ಕೆಲಸ ಮಾಡುವುದು ಟ್ಯುಬ್ಯುಲಿನ್ ಎಂಬ ಪ್ರೋಟೀನಿನ ತುಣುಕುಗಳು ಸಾಲಾಗಿ ಜೋಡಣೆಯಾಗಿ ಆಗುವ ಸೂಕ್ಷ್ಮ ಕೊಳವೆಗಳು. ವಿನ್‌ಕ್ರಿಸ್ಟಿನ್ ಟ್ಯುಬ್ಯುಲಿನ್ನಿಗೆ ಅಂಟಿಕೊಂಡು ಕೊಳವೆ ಕಟ್ಟದಂತೆ ತಡೆಯುತ್ತದೆ. ವರ್ಣತಂತುಗಳು ನಡುವೆಯೇ ನಿಂತುಬಿಡುತ್ತವೆ, ಕೋಶ ಸಾಯುತ್ತದೆ. ಎಡೆಬಿಡದೆ ವಿಭಜನೆಯಾಗುವ ಕ್ಯಾನ್ಸರ್ ಕೋಶಗಳಿಗೆ ಈ ಏಟು ಹೆಚ್ಚು. ಆದರೆ ಅದೇ ಕೊಳವೆಗಳು ನರಕೋಶಕ್ಕೂ ಬೇಕು. ಸೊಂಟದಿಂದ ಕಾಲಿನ ಹೆಬ್ಬೆರಳಿನ ತನಕ ಚಾಚಿದ ನರತಂತುವಿನ ತುದಿಗೆ ಪೋಷಕ ವಸ್ತುಗಳು ಸಾಗುವುದು ಅವುಗಳ ಮೇಲೆಯೇ. ಕ್ಯಾನ್ಸರನ್ನು ಕೊಲ್ಲುವ ಗುಣ ಮತ್ತು ನರವನ್ನು ಕೆಡಿಸುವ ಗುಣ ಇಲ್ಲಿ ಬೇರೆ ಬೇರೆಯಲ್ಲ. ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯುವ ಉಪಾಯ ಈವರೆಗೆ ಸಿಕ್ಕಿಲ್ಲ. ಬಹುತೇಕ ಕಿಮೋ ಔಷಧಗಳಂತೆ ಇದು ಮೂಳೆಮಜ್ಜೆಯನ್ನು ಅಷ್ಟಾಗಿ ಕುಗ್ಗಿಸುವುದಿಲ್ಲ, ವಾಂತಿಯೂ ಕಡಿಮೆ. ಆದ್ದರಿಂದಲೇ ಬೇರೆ ಔಷಧಗಳ ಜೊತೆ ಸೇರಿಸಲು ಇದು ಅನುಕೂಲ. 1960ರ ದಶಕದ ಮೊದಲಲ್ಲಿ ಎಮಿಲ್ ಫ್ರೈ ಮತ್ತು ಎಮಿಲ್ ಫ್ರೈರೈಕ್ ನಾಲ್ಕು ಔಷಧಗಳನ್ನು ಒಟ್ಟಿಗೆ ಕೊಟ್ಟು ಮಕ್ಕಳ ಲ್ಯುಕೇಮಿಯಾವನ್ನು ಹತ್ತಿಕ್ಕಿದಾಗ ಅವುಗಳಲ್ಲಿ ವಿನ್‌ಕ್ರಿಸ್ಟಿನ್ ಒಂದಾಗಿತ್ತು.

ಪ್ರಮಾಣವನ್ನು ದೇಹದ ತೂಕ, ಎತ್ತರಗಳಿಂದ ಲೆಕ್ಕ ಹಾಕಿದ ಮೈಯ ವಿಸ್ತೀರ್ಣದ ಮೇಲೆ ನಿರ್ಧರಿಸುತ್ತಾರೆ. ದೊಡ್ಡವರಿಗೆ ಚದರ ಮೀಟರಿಗೆ 1.4 ಮಿಲಿಗ್ರಾಂ, ಮಕ್ಕಳಿಗೆ 1.5ರಿಂದ 2 ಮಿಲಿಗ್ರಾಂ. ಹತ್ತು ಕಿಲೋಗಿಂತ ಕಡಿಮೆ ತೂಕದ ಶಿಶುಗಳಿಗೆ ಕಿಲೋ ಒಂದಕ್ಕೆ 0.05 ಮಿಲಿಗ್ರಾಂ. ಲೆಕ್ಕ ಎಷ್ಟೇ ಬರಲಿ, ಒಂದು ಸಲಕ್ಕೆ ಎರಡು ಮಿಲಿಗ್ರಾಮಿಗೆ ನಿಲ್ಲಿಸುವುದು ಬಹುತೇಕ ಕಡೆ ಪಾಲಿಸುವ ಮಿತಿ. ಎರಡು ಸಲಗಳ ನಡುವೆ ಸಾಮಾನ್ಯವಾಗಿ ಕನಿಷ್ಠ ಒಂದು ವಾರದ ಅಂತರ ಇರಬೇಕು. 2000ದಲ್ಲಿ ಜಪಾನಿನ ಸೈತಾಮಾ ಪ್ರಾಂತದಲ್ಲಿ ವಾರಕ್ಕೊಮ್ಮೆ ಎಂದಿದ್ದ ಚಿಕಿತ್ಸಾಕ್ರಮವನ್ನು ದಿನಕ್ಕೊಮ್ಮೆ ಎಂದು ಓದಿ, ಹದಿಹರೆಯದ ಒಬ್ಬ ಹುಡುಗಿಗೆ ದಿನದಿನವೂ ಕೊಟ್ಟು ಆಕೆ ಸತ್ತ ಪ್ರಕರಣ ಆ ದೇಶವನ್ನೇ ಅಲ್ಲಾಡಿಸಿತು. ವಿನ್‌ಬ್ಲಾಸ್ಟಿನ್ ಎಂಬ ಸೋದರನ ಹೆಸರೂ ಹತ್ತಿರದ್ದು, ಪ್ರಮಾಣ ಮಾತ್ರ ಹಲವು ಪಟ್ಟು ಹೆಚ್ಚು. ಒಂದರ ಅಳತೆಯಲ್ಲಿ ಇನ್ನೊಂದನ್ನು ಕೊಟ್ಟರೆ ಉಳಿಗಾಲವಿಲ್ಲ. ಚೀಟಿಯಲ್ಲಿ ಹೆಸರನ್ನು ಮೊಟಕುಮಾಡಿ ಬರೆಯಬಾರದೆಂಬ ನಿಯಮ ಹುಟ್ಟಿದ್ದು ಇಂಥದ್ದಕ್ಕೇ.

ಔಷಧ ದೇಹದಿಂದ ಹೊರಹೋಗುವುದು ಮುಖ್ಯವಾಗಿ ಪಿತ್ತಜನಕಾಂಗದ ದಾರಿಯಲ್ಲಿ. ಕಾಮಾಲೆಯಿದ್ದರೆ, ರಕ್ತದಲ್ಲಿ ಬಿಲಿರುಬಿನ್ ಏರಿದ್ದರೆ ಔಷಧ ಒಳಗೇ ಉಳಿಯುತ್ತದೆ. ಆಗ ಪ್ರಮಾಣವನ್ನು ಅರ್ಧಕ್ಕೆ ಇಳಿಸುವುದುಂಟು. ಪಿತ್ತಜನಕಾಂಗದಲ್ಲಿ ಇದನ್ನು ಒಡೆಯುವ ಕಿಣ್ವವನ್ನು ತಡೆಯುವ ಬೇರೆ ಔಷಧಗಳಿದ್ದರೂ ಫಲ ಅದೇ. ಶಿಲೀಂಧ್ರ ಸೋಂಕಿಗೆ ಕೊಡುವ ಇಟ್ರಾಕೊನಜೋಲ್, ವೊರಿಕೊನಜೋಲ್, ಪೊಸಕೊನಜೋಲ್ ಈ ಗುಂಪಿನ ಮುಂದಾಳುಗಳು. ಲ್ಯುಕೇಮಿಯಾ ರೋಗಿಗೆ ಆಸ್ಪತ್ರೆಯಲ್ಲೇ ಇವು ಬೇಕಾಗಬಹುದು, ಅಲ್ಲಿ ವೈದ್ಯರು ನೋಡಿಕೊಂಡಾರು. ಹೆಚ್ಚಿನ ಅಪಾಯ ಊರಿನ ಮೆಡಿಕಲ್ ಶಾಪಿನಲ್ಲಿದೆ. ಗಜಕರ್ಣ, ಹುಳುಕಡ್ಡಿಗೆಂದು ಇಟ್ರಾಕೊನಜೋಲ್ ಕ್ಯಾಪ್ಸೂಲುಗಳನ್ನು ಚೀಟಿಯಿಲ್ಲದೆ ಕೊಂಡು ನುಂಗುವುದು ನಮ್ಮಲ್ಲಿ ಮಾಮೂಲು. ವಿನ್‌ಕ್ರಿಸ್ಟಿನ್ ಪಡೆಯುತ್ತಿರುವವರಿಗೆ ಆ ಕ್ಯಾಪ್ಸೂಲಿನಿಂದ ಕರುಳು ಸ್ತಬ್ಧವಾಗಬಹುದು, ಸೆಳವು ಬರಬಹುದು. ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯಾಟಿಕ್ಕಿನಲ್ಲೂ ಇದೇ ದೋಷವಿದೆ. ಮೂರ್ಛೆರೋಗಕ್ಕೆ ಫೆನಿಟಾಯಿನ್ ತೆಗೆದುಕೊಳ್ಳುವವರಲ್ಲಿ ಆ ಮಾತ್ರೆಯ ಮಟ್ಟ ಕುಸಿದು ಮೂರ್ಛೆ ಮರುಕಳಿಸುವುದೂ ಉಂಟು.

ಕೆಲವರ ನರಗಳು ಹುಟ್ಟಿನಿಂದಲೇ ಈ ಔಷಧವನ್ನು ತಾಳುವುದಿಲ್ಲ. ಷಾರ್ಕೊ-ಮಾರಿ-ಟೂತ್ ಎಂಬ ಆನುವಂಶಿಕ ನರರೋಗದ ಒಂದು ಬಗೆ ಇರುವವರಿಗೆ ವಿನ್‌ಕ್ರಿಸ್ಟಿನ್ ಕೊಡುವಂತೆಯೇ ಇಲ್ಲ. ರೋಗ ಎಷ್ಟೋ ಸಲ ಗುರುತಾಗಿರುವುದಿಲ್ಲ. ಮೊದಲ ಇಂಜೆಕ್ಷನ್ನಿನ ನಂತರ ಕೈಕಾಲು ಬಿದ್ದುಹೋದಾಗಲೇ ಗೊತ್ತಾದ ಪ್ರಕರಣಗಳಿವೆ. ಮನೆತನದಲ್ಲಿ ಯಾರದಾದರೂ ಮೊಣಕಾಲಿನ ಕೆಳಗೆ ಸಣಕಲಾಗಿದೆಯೇ, ಅಂಗಾಲಿನ ಕಮಾನು ಅತಿಯಾಗಿ ಎದ್ದಿದೆಯೇ, ನಡಿಗೆ ಎಡವುತ್ತದೆಯೇ ಎಂದು ಚಿಕಿತ್ಸೆಗೆ ಮುನ್ನ ಕೇಳಲು ಎರಡು ನಿಮಿಷ ಸಾಕು.

ಅಡ್ಡಪರಿಣಾಮಗಳಲ್ಲಿ ಎಲ್ಲಕ್ಕಿಂತ ಮೊದಲು ಕಾಣಿಸುವುದು ಸಾಮಾನ್ಯವಾಗಿ ಮಲಬದ್ಧತೆ. ಕರುಳನ್ನು ಆಡಿಸುವ ನರಗಳು ಮಂಕಾಗುವುದು ಇದಕ್ಕೆ ಕಾರಣವಾದ್ದರಿಂದ ಬಾಳೆಹಣ್ಣು, ಬಿಸಿನೀರುಗಳಿಂದ ಇದು ಸರಿಹೋಗುತ್ತದೆಂದು ಕಾಯಬಾರದು. ಮಲವನ್ನು ಮೆದುಗೊಳಿಸುವ, ಕರುಳನ್ನು ಚುರುಕುಗೊಳಿಸುವ ಔಷಧವನ್ನು ತೊಂದರೆ ಬರುವ ಮೊದಲೇ, ಇಂಜೆಕ್ಷನ್ ಕೊಟ್ಟ ದಿನದಿಂದಲೇ ಶುರುಮಾಡುವುದು ಒಳ್ಳೆಯ ಪದ್ಧತಿ. ಹೊಟ್ಟೆ ಉಬ್ಬಿ, ಗಾಳಿಯೂ ಹೋಗದೆ, ವಾಂತಿ ಶುರುವಾದರೆ ಕರುಳು ಸ್ತಬ್ಧವಾಗಿದೆ ಎಂದೇ ತಿಳಿದು ಆಸ್ಪತ್ರೆಗೆ ಧಾವಿಸಬೇಕು. ಮನೆಯಲ್ಲೇ ಎನಿಮಾ ಕೊಡುವ ಸಾಹಸ ಬೇಡ. ಬಿಳಿ ಕಣ ಕಡಿಮೆಯಿರುವ ರೋಗಿಗೆ ಅದರಿಂದ ಸೋಂಕು ತಗಲಬಹುದು.

ಕೆಲವರಿಗೆ ಇಂಜೆಕ್ಷನ್ನಾದ ಕೆಲವೇ ಗಂಟೆಗಳಲ್ಲಿ ದವಡೆ ನೋಯುತ್ತದೆ. ಹಲ್ಲುನೋವೆಂದು ದಂತವೈದ್ಯರ ಬಳಿ ಹೋಗಿ ಹಲ್ಲು ಕೀಳಿಸಿಕೊಳ್ಳುವ ಮೊದಲು ಕಿಮೋ ಕೊಟ್ಟವರನ್ನು ಕೇಳಬೇಕು. ಅದು ದವಡೆಯ ನರದ ನೋವು, ತಾನಾಗಿ ಇಳಿಯುತ್ತದೆ. ವಾರಗಳು ಕಳೆದಂತೆ ಬೆರಳ ತುದಿಗಳಲ್ಲಿ ಜುಮುಜುಮು, ಅಂಗಾಲಿಗೆ ನೆಲದ ಸ್ಪರ್ಶ ಸರಿಯಾಗಿ ತಿಳಿಯದಿರುವುದು ಬರುತ್ತದೆ. ಮಕ್ಕಳು ಇದನ್ನು ಬಾಯಲ್ಲಿ ಹೇಳುವುದಿಲ್ಲ. ನೋಡುವವರ ಕಣ್ಣಿಗೆ ಬೀಳಬೇಕು: ಕಾಲಿನಿಂದ ಚಪ್ಪಲಿ ಜಾರಿದ್ದು ಮಗುವಿಗೆ ತಿಳಿಯದೆ ಹೋಗುವುದು, ಮೆಟ್ಟಿಲು ಹತ್ತುವಾಗ ಬೆರಳು ತಗಲಿ ಮುಗ್ಗರಿಸುವುದು, ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದೆ ಸಿಡುಕುವುದು, ಪೆನ್ಸಿಲ್ ಹಿಡಿತ ಸಡಿಲವಾಗುವುದು. ಪಾದ ಮೇಲೆತ್ತಲಾರದೆ ಜೋತುಬೀಳುವ ಹಂತಕ್ಕೆ ಹೋಗುವ ಮೊದಲೇ ವೈದ್ಯರಿಗೆ ತಿಳಿದರೆ ಪ್ರಮಾಣ ತಗ್ಗಿಸಬಹುದು, ಒಂದು ಸಲ ಮುಂದೂಡಬಹುದು, ಫಿಸಿಯೋಥೆರಪಿ ಶುರುಮಾಡಬಹುದು. ದನಿ ಗೊಗ್ಗರಾಗುವುದು, ಕಣ್ಣಿನ ರೆಪ್ಪೆ ಜೋಲುವುದು, ಮೂತ್ರ ಕಟ್ಟುವುದು ಅಪರೂಪ, ಆದರೆ ಅಸಡ್ಡೆ ಮಾಡುವಂಥದಲ್ಲ. ರಕ್ತದಲ್ಲಿ ಸೋಡಿಯಂ ಕುಸಿದು ಮಂಪರು, ಸೆಳವು ಬರುವುದೂ ಇದೆ. ಕೂದಲು ಉದುರುತ್ತದೆ, ಮತ್ತೆ ಬರುತ್ತದೆ. ನರದ ತೊಂದರೆಯೂ ಔಷಧ ನಿಂತ ಮೇಲೆ ತಿಂಗಳುಗಳಲ್ಲಿ ಬಹುಪಾಲು ಸುಧಾರಿಸುತ್ತದೆ. ಕೆಲವರಲ್ಲಿ ಒಂದಿಷ್ಟು ಶಾಶ್ವತವಾಗಿ ಉಳಿಯುತ್ತದೆ.

ಇವೆಲ್ಲ ಔಷಧ ಸರಿಯಾದ ದಾರಿಯಲ್ಲಿ ಹೋದಾಗಿನ ಮಾತು. ದಾರಿ ತಪ್ಪುವುದರಲ್ಲಿ ಎರಡು ಬಗೆ. ಒಂದು, ರಕ್ತನಾಳದಿಂದ ಸುತ್ತಲಿನ ಮಾಂಸಕ್ಕೆ ಸೋರುವುದು. ಸೋರಿದ ವಿನ್‌ಕ್ರಿಸ್ಟಿನ್ ಚರ್ಮವನ್ನೂ ಒಳಗಿನ ಊತಕವನ್ನೂ ಸುಡುತ್ತದೆ. ವಾರಗಳ ನಂತರವೂ ಹುಣ್ಣು ಆಳಕ್ಕಿಳಿಯಬಹುದು. ಹಾಗಾಗಿ ಸೂಜಿ ಹೊಸದಾಗಿ, ಭದ್ರವಾಗಿ ಕೂತಿರಬೇಕು, ರಕ್ತ ಹಿಂದಕ್ಕೆ ಬರುವುದನ್ನು ನೋಡಿಯೇ ಔಷಧ ಬಿಡಬೇಕು. ಉರಿ, ನೋವು, ಊತ – ಏನೇ ಕಂಡರೂ ರೋಗಿ ಆ ಕ್ಷಣವೇ ಹೇಳಬೇಕು. ಸಂಕೋಚಪಟ್ಟು ಸಹಿಸಿಕೊಳ್ಳುವುದು ಇಲ್ಲಿ ಗುಣವಲ್ಲ. ಸೋರಿದರೆ ಹರಿವು ನಿಲ್ಲಿಸಿ, ಸೂಜಿ ಕೀಳುವ ಮೊದಲು ಅದರ ಮೂಲಕವೇ ಎಷ್ಟು ಸಾಧ್ಯವೋ ಅಷ್ಟು ಹಿಂದಕ್ಕೆ ಎಳೆದು, ಹೈಯಲುರೊನಿಡೇಸ್ ಎಂಬ ಕಿಣ್ವವನ್ನು ಸುತ್ತಲೂ ಚುಚ್ಚುತ್ತಾರೆ. ಆಮೇಲೆ ಬಿಸಿ ಶಾಖ ಕೊಡಬೇಕು. ಊದಿದ ಕಡೆ ಐಸ್ ಇಡುವುದು ಎಲ್ಲರ ಕೈಗೂ ಮೊದಲು ಬರುವ ಉಪಾಯ, ಡಾಕ್ಸೊರುಬಿಸಿನ್ ಎಂಬ ಇನ್ನೊಂದು ಕಿಮೋ ಔಷಧ ಸೋರಿದರೆ ಅದೇ ಸರಿ ಕೂಡ. ವಿನ್‌ಕ್ರಿಸ್ಟಿನ್ನಿಗೆ ಮಾತ್ರ ಐಸ್ ಕೇಡು. ಎರಡೂ ಔಷಧಗಳನ್ನು ಒಂದೇ ದಿನ ಕೊಡುವ ಕ್ರಮಗಳಿರುವುದರಿಂದ ಸೋರಿದ್ದು ಯಾವುದೆಂದು ಬರೆದಿಡುವುದೂ ಚಿಕಿತ್ಸೆಯ ಭಾಗ.

ಎರಡನೆಯ ಬಗೆಯ ತಪ್ಪಿಗೆ ಚಿಕಿತ್ಸೆಯೇ ಇಲ್ಲವೆನ್ನಬೇಕು. ಅದು ವಿನ್‌ಕ್ರಿಸ್ಟಿನ್ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಹೋಗುವುದು. ಹೀಗಾಗಲು ಕಾರಣ ಲ್ಯುಕೇಮಿಯಾ ಚಿಕಿತ್ಸೆಯ ಒಂದು ದೊಡ್ಡ ಗೆಲುವಿನಲ್ಲೇ ಇದೆ. ರಕ್ತದಿಂದ ಕ್ಯಾನ್ಸರ್ ಕೋಶಗಳು ಮಾಯವಾದ ಮಕ್ಕಳಲ್ಲೂ ರೋಗ ಮಿದುಳಿನ ಪೊರೆಗಳಿಂದ ಮರಳುತ್ತಿತ್ತು. ರಕ್ತಕ್ಕೆ ಕೊಟ್ಟ ಔಷಧ ಅಲ್ಲಿಗೆ ಸರಿಯಾಗಿ ತಲುಪುವುದಿಲ್ಲ. ಅಮೆರಿಕದ ಮೆಂಫಿಸ್‌ನ ಸೇಂಟ್ ಜೂಡ್ ಆಸ್ಪತ್ರೆಯಲ್ಲಿ ಡೊನಾಲ್ಡ್ ಪಿಂಕೆಲ್ 1960ರ ದಶಕದಲ್ಲಿ ತಲೆಗೆ ವಿಕಿರಣ, ಬೆನ್ನಿಗೆ ಮೆಥೊಟ್ರೆಕ್ಸೇಟ್ ಎಂಬ ಕ್ಯಾನ್ಸರ್ ಔಷಧದ ಇಂಜೆಕ್ಷನ್ ಸೇರಿಸಿದಾಗ ಸುಮಾರು ಅರ್ಧದಷ್ಟು ಮಕ್ಕಳು ಗುಣವಾದರು. ಅಂದಿನಿಂದ ಬೆನ್ನಿನ ಇಂಜೆಕ್ಷನ್ ಈ ಚಿಕಿತ್ಸೆಯ ಅವಿಭಾಜ್ಯ ಅಂಗ. ಮೆಥೊಟ್ರೆಕ್ಸೇಟ್ ಅಥವಾ ಸೈಟರಬಿನ್ ಬೆನ್ನಿಗೆ, ವಿನ್‌ಕ್ರಿಸ್ಟಿನ್ ರಕ್ತನಾಳಕ್ಕೆ. ಒಬ್ಬನೇ ರೋಗಿಗೆ, ಎಷ್ಟೋ ಸಲ ಒಂದೇ ದಿನ, ಒಂದೇ ಕೋಣೆಯಲ್ಲಿ. ಹಳೆಯ ಮಾದರಿಯ ಸಿರಿಂಜುಗಳು ನೋಡಲು ಒಂದೇ ಥರ, ಯಾವುದರ ತುದಿ ಬೇಕಾದರೂ ಯಾವ ಸೂಜಿಗಾದರೂ ಕೂರುತ್ತದೆ.

ಬೆನ್ನಿಗೆ ಹೋದ ವಿನ್‌ಕ್ರಿಸ್ಟಿನ್ ನರಗಳನ್ನು ನೇರವಾಗಿ ಕರಗಿಸುತ್ತ ಸಾಗುತ್ತದೆ. ಕಾಲಿನಿಂದ ಶುರುವಾದ ನಿಶ್ಶಕ್ತಿ ಮೇಲೇರುತ್ತದೆ, ಉಸಿರಾಟದ ಸ್ನಾಯುಗಳು ನಿಲ್ಲುತ್ತವೆ. ದಿನಗಳಲ್ಲೋ ವಾರಗಳಲ್ಲೋ ಸಾವು. ತಪ್ಪು ಆ ಕ್ಷಣವೇ ಗೊತ್ತಾಗಿ, ಬೆನ್ನಿನ ದ್ರವವನ್ನು ಹೊರತೆಗೆದು ತೊಳೆದರೆ ಬೆರಳೆಣಿಕೆಯ ಜನ ಬದುಕಿದ್ದಾರೆ, ಅವರಲ್ಲೂ ಹೆಚ್ಚಿನವರು ಅಂಗವೈಕಲ್ಯದೊಂದಿಗೆ. ಇಂಥ ಮೊದಲ ಪ್ರಕರಣ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾದದ್ದು 1968ರಲ್ಲಿ. ಅಲ್ಲಿಂದ 2007ರ ತನಕ ಬೇರೆ ಬೇರೆ ದೇಶಗಳಿಂದ 55 ಪ್ರಕರಣಗಳು ವರದಿಯಾಗಿದ್ದವು. ವರದಿಯಾಗದವು ಎಷ್ಟೆಂದು ಯಾರೂ ಲೆಕ್ಕವಿಟ್ಟಿಲ್ಲ.

ಇವುಗಳಲ್ಲಿ ಅತಿ ಹೆಚ್ಚು ಪರಿಶೀಲನೆಗೆ ಒಳಗಾದದ್ದು ಇಂಗ್ಲೆಂಡಿನ ನಾಟಿಂಗ್ಹ್ಯಾಮ್ ನಗರದ್ದು. ಬೆನ್ನಿನ ಇಂಜೆಕ್ಷನ್ ತಪ್ಪುಗಳಿಂದ 1985ರಿಂದೀಚೆಗೆ ಕನಿಷ್ಠ 13 ಮಂದಿ ಸತ್ತಿದ್ದಾರೆ ಇಲ್ಲವೇ ಪಾರ್ಶ್ವವಾಯುವಿಗೆ ತುತ್ತಾಗಿದ್ದಾರೆ, 2001ರ ಕೊನೆಯ ಹೊತ್ತಿಗೆ ಇದು ಸೊನ್ನೆಯಾಗಬೇಕು ಎಂದು ಬ್ರಿಟಿಷ್ ಆರೋಗ್ಯ ಇಲಾಖೆ 2000ದಲ್ಲಿ ಘೋಷಿಸಿತ್ತು. 2001ರ ಜನವರಿಯಲ್ಲೇ, ಲ್ಯುಕೇಮಿಯಾದಿಂದ ಬಹುತೇಕ ಚೇತರಿಸಿಕೊಂಡಿದ್ದ 18 ವರ್ಷದ ಯುವಕನೊಬ್ಬ ನಾಟಿಂಗ್ಹ್ಯಾಮಿನ ಆಸ್ಪತ್ರೆಗೆ ಮಾಮೂಲಿ ಚಿಕಿತ್ಸೆಗೆಂದು ಬಂದ. ಬೆನ್ನಿಗೆ ಸೈಟರಬಿನ್ ಕೊಡಬೇಕಿತ್ತು. ಅದರ ಜೊತೆ, ರಕ್ತನಾಳಕ್ಕೆ ಕೊಡಬೇಕಾದ ವಿನ್‌ಕ್ರಿಸ್ಟಿನ್ ಸಿರಿಂಜೂ ಕೈಗೆ ಬಂತು. ಹಿರಿಯ ವೈದ್ಯ ಅದನ್ನು ಕೊಟ್ಟಾಗ ಕಿರಿಯ ವೈದ್ಯನಿಗೆ ಅನುಮಾನ ಬಂತು. ವಿನ್‌ಕ್ರಿಸ್ಟಿನ್ ಬೆನ್ನಿಗೇ ಹೌದೇ ಎಂದು ಕೇಳಿಯೂ ಕೇಳಿದ. ಹೌದೆಂಬ ಉತ್ತರ ಬಂತು. ಯುವಕ ಒಂದು ತಿಂಗಳೊಳಗೆ ತೀರಿಕೊಂಡ. ಸರ್ಕಾರಕ್ಕಾಗಿ ತನಿಖೆ ನಡೆಸಿದ ಬ್ರಯನ್ ಟಾಫ್ಟ್ ಇಬ್ಬರು ವೈದ್ಯರ ಮೇಲೆ ತಪ್ಪು ಹೊರಿಸಿ ಕಡತ ಮುಚ್ಚಲಿಲ್ಲ. ಔಷಧ ವಿತರಣೆ, ಲೇಬಲ್, ಸಿರಿಂಜಿನ ವಿನ್ಯಾಸ, ವೈದ್ಯರ ತರಬೇತಿ – ಪ್ರತಿ ಹಂತದಲ್ಲೂ ತಡೆಯಬಹುದಾಗಿದ್ದ ಸಡಿಲಗಳನ್ನು ಅವರ ವರದಿ ಒಂದೊಂದಾಗಿ ತೋರಿಸಿತು.

ಆ ಹೊತ್ತಿಗಾಗಲೇ ಎಚ್ಚರಿಕೆಗಳಿಗೆ ಬರವಿರಲಿಲ್ಲ. ಬೇರೆ ದಾರಿಯಲ್ಲಿ ಕೊಟ್ಟರೆ ಸಾವು ಖಚಿತ ಎಂದು ಲೇಬಲ್ಲಿನ ಮೇಲೆ ದಪ್ಪ ಅಕ್ಷರದಲ್ಲಿ ಅಚ್ಚಾಗುತ್ತಿತ್ತು. ಇಬ್ಬರು ನೋಡಿ ಸಹಿ ಹಾಕುವ ಪದ್ಧತಿ ಎಷ್ಟೋ ಕಡೆ ಇತ್ತು. ಓದುವವರು ದಣಿದಿರುತ್ತಾರೆ, ಹೊಸಬರಾಗಿರುತ್ತಾರೆ, ಹಿರಿಯರ ಮಾತಿಗೆ ಎದುರಾಡಲು ಅಳುಕುತ್ತಾರೆ. ನೋಡಿಕೊಂಡು ಮಾಡಿ ಎನ್ನುವುದು ಸುರಕ್ಷತೆಯ ವ್ಯವಸ್ಥೆಯಲ್ಲ, ಸುರಕ್ಷತೆಯ ಹಾರೈಕೆ ಅಷ್ಟೆ.

ನಿಜವಾದ ಪರಿಹಾರ ಬಂದದ್ದು ಪಾತ್ರೆ ಬದಲಿಸುವುದರಿಂದ. ವಿನ್‌ಕ್ರಿಸ್ಟಿನನ್ನು ಸಿರಿಂಜಿಗೆ ತುಂಬದೆ ಔಷಧಾಲಯದಲ್ಲೇ ಚಿಕ್ಕ ಸಲೈನ್ ಚೀಲಕ್ಕೆ ಬೆರೆಸಿ ಕಳಿಸುವುದು. ದೊಡ್ಡವರಿಗೆ ಸಾಮಾನ್ಯವಾಗಿ 50 ಮಿಲಿಲೀಟರು, ಐದರಿಂದ ಹತ್ತು ನಿಮಿಷಗಳಲ್ಲಿ ಹರಿಸುವುದು. ಕೊಳವೆ ಜೋತ ಚೀಲವನ್ನು ಬೆನ್ನಿನ ಸೂಜಿಗೆ ಜೋಡಿಸಲು ಯಾರ ಕೈಯೂ ಹೋಗುವುದಿಲ್ಲ. 2007ರ ಜುಲೈನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಎಲ್ಲ ದೇಶಗಳಿಗೂ ಸೂಚಿಸಿತು. ಮರುವರ್ಷ ಬ್ರಿಟನ್ ಅದನ್ನು ದೇಶದ ಪದ್ಧತಿಯಾಗಿ ತಂದಿತು. ಅಮೆರಿಕದಲ್ಲಿ 2016ರಲ್ಲಿ ಕ್ಯಾನ್ಸರ್ ಕೇಂದ್ರಗಳ ಒಕ್ಕೂಟ ಇದಕ್ಕಾಗಿ ಅಭಿಯಾನ ಹೂಡಿತು. ಬೆನ್ನಿನ ಇಂಜೆಕ್ಷನ್ನಿನ ಸೂಜಿ, ಸಿರಿಂಜುಗಳಿಗೆ ರಕ್ತನಾಳದವುಗಳೊಂದಿಗೆ ಜೋಡಣೆಯೇ ಆಗದಂಥ ಬೇರೆ ತುದಿಯ ಅಂತರರಾಷ್ಟ್ರೀಯ ಮಾನಕವೂ ಬಂದಿದೆ.

ಚೀಲಕ್ಕೆ ಒಂದು ಆಕ್ಷೇಪ ಇದ್ದೇ ಇದೆ: ಸಿರಿಂಜಿನಲ್ಲಾದರೆ ಒಂದೇ ನಿಮಿಷದ ಕೆಲಸ, ಹರಿವು ನಿಧಾನವಾದಷ್ಟೂ ಸೋರಿಕೆಯ ಸಂಭವ ಹೆಚ್ಚಲ್ಲವೇ ಎಂದು. ಚೀಲಕ್ಕೆ ಬದಲಾದ ಕಡೆಗಳಲ್ಲಿ ಸೋರಿಕೆ ಅಪರೂಪವಾಗಿಯೇ ಉಳಿದಿದೆ. ಹೆಚ್ಚಿದೆಯೆಂದೇ ಇಟ್ಟುಕೊಂಡರೂ, ಕೈಯ ಮೇಲಿನ ಹುಣ್ಣನ್ನೂ ಬೆನ್ನುಹುರಿಯ ನಾಶವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ. ಚೀಲ ಹರಿಯುವಷ್ಟು ಹೊತ್ತು ದಾದಿ ಪಕ್ಕದಲ್ಲೇ ನಿಲ್ಲಬೇಕು, ಪಂಪಿಗೆ ಜೋಡಿಸದೆ ತಾನಾಗಿ ಹರಿಯಲು ಬಿಡಬೇಕು. ಇದರ ಜೊತೆಗೆ ಬೆನ್ನಿನ ಇಂಜೆಕ್ಷನ್ ಮುಗಿಯುವ ತನಕ ವಿನ್‌ಕ್ರಿಸ್ಟಿನ್ ಆ ಕೋಣೆಗೇ ಬಾರದಂತೆ ನೋಡಿಕೊಂಡರೆ ಇನ್ನೂ ಒಳ್ಳೆಯದು.

ತಯಾರಿಸುವವರಿಗೂ ಮನೆಯವರಿಗೂ ಕೆಲವು ಮಾತು. ವಯಲ್‌ಗಳನ್ನು ಬೆಳಕು ತಾಗದಂತೆ, 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಡಬೇಕು, ಹೆಪ್ಪುಗಟ್ಟಲು ಬಿಡಬಾರದು. ಬೆರೆಸುವ ಕೆಲಸ ಗಾಳಿ ಶೋಧಿಸುವ ಕ್ಯಾಬಿನೆಟ್ಟಿನೊಳಗೆ, ಗ್ಲೌಸು ಗೌನು ತೊಟ್ಟು ನಡೆಯಬೇಕು. ಕಣ್ಣಿಗೆ ಸಿಡಿದರೆ ತಕ್ಷಣ ಧಾರಾಳ ನೀರಿನಿಂದ ತೊಳೆಯಬೇಕು. ಔಷಧ ಬಹುಪಾಲು ಮಲದಲ್ಲಿ, ಸ್ವಲ್ಪ ಮೂತ್ರದಲ್ಲಿ ಹೊರಬೀಳುವುದರಿಂದ ಇಂಜೆಕ್ಷನ್ನಾದ ಮೇಲೆ ಕನಿಷ್ಠ ಎರಡು ದಿನ ಮಗುವಿನ ಬಟ್ಟೆ, ವಾಂತಿ, ಮಲಮೂತ್ರ ಮುಟ್ಟುವವರು ಗ್ಲೌಸು ಹಾಕಿಕೊಳ್ಳಬೇಕು. ಗರ್ಭಿಣಿಯರು ಆ ಕೆಲಸದಿಂದ ದೂರವಿರಬೇಕು. ಚಿಕಿತ್ಸೆಯ ಕಾಲದಲ್ಲಿ ಗರ್ಭಧಾರಣೆ ಆಗದಂತೆ ನೋಡಿಕೊಳ್ಳಬೇಕು, ಎದೆಹಾಲು ಕೊಡಬಾರದು.

ಬೀದರಿನಿಂದಲೋ ಚಾಮರಾಜನಗರದಿಂದಲೋ ಬೆಂಗಳೂರಿನ ಕಿದ್ವಾಯಿಯಂಥ ಆಸ್ಪತ್ರೆಗೆ ಬಂದು, ಡೇಕೇರ್‌ನಲ್ಲಿ ಇಂಜೆಕ್ಷನ್ ಪಡೆದು, ಸಂಜೆಯ ಬಸ್ಸಿಗೆ ಊರು ಸೇರುವ ಕುಟುಂಬಗಳಿಗೆ ಮುಂದಿನ ತೊಂದರೆಗಳು ಎದುರಾಗುವುದು ಊರಿನಲ್ಲೇ. ಅಲ್ಲಿ ಮೊದಲು ನೋಡುವ ವೈದ್ಯರಿಗೆ ಕೊನೆಯ ವಿನ್‌ಕ್ರಿಸ್ಟಿನ್ ಯಾವ ದಿನ, ಎಷ್ಟು ಎಂದು ತಿಳಿಯಬೇಕಾದರೆ ಫೈಲು ಜೊತೆಗಿರಬೇಕು. ಬೆನ್ನಿನ ಇಂಜೆಕ್ಷನ್ ಇರುವ ದಿನ, ಬೆನ್ನಿಗೆ ಕೊಡುತ್ತಿರುವ ಔಷಧದ ಹೆಸರೇನು, ವಿನ್‌ಕ್ರಿಸ್ಟಿನ್ ಚೀಲದಲ್ಲಿ ಬರುತ್ತದೆಯೇ ಎಂದು ತಂದೆತಾಯಿ ಕೇಳಲಿ; ಕೇಳಿದ್ದಕ್ಕೆ ಸಿಬ್ಬಂದಿ ಮುನಿಸಿಕೊಳ್ಳಬಾರದು. ವಿನ್‌ಕ್ರಿಸ್ಟಿನನ್ನು ಸಿರಿಂಜಿನಲ್ಲಿ ತುಂಬಿ ವಾರ್ಡಿಗೆ ಕಳಿಸುವ ರೂಢಿ ಯಾವ ಆಸ್ಪತ್ರೆಯಲ್ಲಿ ಇನ್ನೂ ಉಳಿದಿದೆಯೋ ಅದು ಆ ರೂಢಿಯನ್ನು ಇಂದೇ ಬಿಡಬೇಕು. ಅದಕ್ಕೆ ಬೇಕಾದದ್ದು ಒಂದು ಚಿಕ್ಕ ಸಲೈನ್ ಚೀಲ.